ಅಂಚಿನಿಂದ ಬಿಚ್ಚಿದ ಪಟ್ಟಿ

ನಮ್ಮ ಓಣಿಯ ಮಂದಿಯ ಪ್ರಕಾರ ನಾನು ಮೂವತ್ತು ವರ್ಷಕ್ಕೂ ಮೇಲೆ ದಿಲ್ಲಿಯಲ್ಲಿ ಬಾಂಬು ಮಾಡಿ, ವಯಸ್ಸಾದ ಮೇಲೆ ಬನಹಟ್ಟಿಗೆ ಬಂದು ಕೂತವಳು. ಈ ಸುದ್ದಿಗೆ ಮೂಲ ನಮ್ಮವ್ವ. ನನ್ನ ನೇಮಕದ ಪತ್ರದಲ್ಲಿ ‘ರಕ್ಷಣೆ’ ಎಂಬ ಶಬ್ದ ಇತ್ತು. ಅದರ ಪಕ್ಕದಲ್ಲೇ ‘ಸಂಶೋಧನಾ ಯೋಜನಾ ವಿಭಾಗ’ ಎಂದೂ ಇತ್ತು. ಅವ್ವ ಮೊದಲನೆಯದನ್ನು ಕೇಳಿಸಿಕೊಂಡ ತಕ್ಷಣ ಓಣಿಗೆ ಹೊರಟುಬಿಟ್ಟಳು. ಉಳಿದದ್ದನ್ನು ಓದಲು ಪಡಸಾಲೆಯಲ್ಲಿ ನಾನೊಬ್ಬಳೇ ಉಳಿದೆ.

ಬಾಂಬಿರಲಿ, ನಾನು ಒಂದು ಸುರುಸುರುಬತ್ತಿಯನ್ನೂ ಮಾಡಿದವಳಲ್ಲ. ನಾನು ಮಾಡಿದ್ದು ಕೋಷ್ಟಕ. ಸೈನ್ಯದವರು ನಮಗೆ ಇಂಥದ್ದು ಬೇಕು ಎನ್ನುತ್ತಾರೆ. ಪ್ರಯೋಗಾಲಯದವರು ನಮಗೆ ಮಾಡಲು ಬರುವುದು ಇಂಥದ್ದು ಎನ್ನುತ್ತಾರೆ. ಈ ಎರಡೂ ಒಂದೇ ಆಗಿರುವುದು ಅಪರೂಪ. ಇವರಿಬ್ಬರ ನಡುವೆ ಕುಳಿತು, ಮುಂದಿನ ಐದು ವರ್ಷ ಯಾವ ಪ್ರಯೋಗಾಲಯ ಯಾವ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದು ಮೇಲಿನವರ ಮುಂದೆ ಇಡುವುದು ನಮ್ಮ ವಿಭಾಗದ ಕೆಲಸ. ನಾವು ವಿಜ್ಞಾನಿಗಳ ನಡುವೆ ಗುಮಾಸ್ತರು, ಗುಮಾಸ್ತರ ನಡುವೆ ವಿಜ್ಞಾನಿಗಳು. ಎರಡೂ ಕಡೆ ಚಹಾ ಕೊಡುತ್ತಿದ್ದರು, ಮರ್ಯಾದೆ ಮಾತ್ರ ಇನ್ನೊಂದು ಕಡೆಯವರು ಕೊಡಲಿ ಎಂದು ಬಿಡುತ್ತಿದ್ದರು.

ಈಗ ಇದನ್ನೆಲ್ಲ ಬರೆಯಲು ಕಾರಣ ಬೀಳಗಿಯ ಒಬ್ಬ ಹುಡುಗಿ. ಅಂಥದ್ದೇ ಒಂದು ಕಚೇರಿಗೆ ಆಯ್ಕೆಯಾಗಿ, ಹೋಗುವ ಮುಂಚೆ ನನ್ನನ್ನು ನೋಡಲು ಬಂದಿದ್ದಳು. ‘ಮೇಡಮ್ಮಾರ, ಅಲ್ಲಿ ಖರೆ ಏನ ಮಾಡಬೇಕಾಕ್ಕೈತ್ರಿ?’ ಎಂದು ಕೇಳಿದಳು. ನಾನು ದೇಶ, ಭವಿಷ್ಯ, ದೂರದೃಷ್ಟಿ ಎಂದು ದೊಡ್ಡ ದೊಡ್ಡ ಮಾತು ಆಡಿ ಕಳಿಸಿದೆ. ಅವಳು ಹೋದ ಮೇಲೆ ನನಗೇ ನಾಚಿಕೆಯಾಯಿತು. ಅವಳು ಕೇಳಿದ್ದಕ್ಕೆ ಉತ್ತರ ಇಲ್ಲಿದೆ. ಬಡ್ತಿಗಳ ವಿಷಯ ಬರೆಯುವುದಿಲ್ಲ. ಅವು ತಡವಾಗಿ ಬಂದವು, ಬಂದಾಗಲೆಲ್ಲ ಕುರ್ಚಿ ಬದಲಾಯಿತು, ಸೊಂಟನೋವು ಬದಲಾಗಲಿಲ್ಲ.

ನಾನು ನೇಕಾರರ ಮನೆಯವಳು. ನನ್ನ ಬಾಲ್ಯದ ಸಂಜೆಗಳೆಲ್ಲ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದರಲ್ಲಿ ಕಳೆದವು. ಆ ಕೆಲಸ ನನಗೆ ಆಗಿಬರಲಿಲ್ಲ. ಅದರಿಂದ ತಪ್ಪಿಸಿಕೊಳ್ಳಲಿಕ್ಕೆಂದೇ ಓದಿದೆ ಎಂದರೆ ತಪ್ಪಲ್ಲ. ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು, ಧಾರವಾಡದಲ್ಲಿ ಭೌತಶಾಸ್ತ್ರ ಮುಗಿಸಿ, ಪರೀಕ್ಷೆ ಬರೆದು ದಿಲ್ಲಿ ಸೇರಿದೆ. ನಮ್ಮ ಸೋದರತ್ತೆ ನೀಲವ್ವ ಮಾತ್ರ ಒಪ್ಪಲಿಲ್ಲ. ಅವಳು ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರೂರಿಗೆ ಬಂದು, ನೆಲದ ಕುಣಿಯಲ್ಲಿ ಕೂತು ನೇಯುವ ಕುಣಿಮಗ್ಗಕ್ಕೆ ಇಳಿದವಳು. ಅಂದಿನಿಂದ ಮಗ್ಗದ ಕುಣಿಯೇ ಅವಳ ಮನೆ. ‘ಮಗ್ಗಕ್ಕ ಅಂಜಿ ದಿಲ್ಲಿಗೆ ಓಡಿ ಹೊಂಟಾಳ ನೋಡ್ರಿ ನಮ್ಮ ಶಕ್ಕು’ ಎಂದು ನನ್ನನ್ನು ಕಳಿಸಿಕೊಡಲು ಬಂದವರಿಗೆಲ್ಲ ಹೇಳಿದಳು. ಅದು ನಿಜವೂ ಆಗಿತ್ತು.

ಅಲ್ಲಿ ನನ್ನ ಮೇಲಧಿಕಾರಿ ಮೆಹ್ತಾ ಸಾಹೇಬರು. ನಮ್ಮ ಮಾತುಕತೆ ಹಿಂದಿಯಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಅವರಿಗೆ ವಿಶೇಷಣ ಕಂಡರೆ ಸಿಟ್ಟು. ಕರಡಿನಲ್ಲಿ ‘ಅತ್ಯಂತ ತುರ್ತಿನ’ ಎಂದು ಬರೆದರೆ ಆ ಎರಡು ಶಬ್ದ ಹೊಡೆದುಹಾಕಿ ಪಕ್ಕದಲ್ಲಿ ‘ಎಷ್ಟು?’ ಎಂದು ಬರೆಯುತ್ತಿದ್ದರು. ‘ಗಣನೀಯ ಪ್ರಗತಿ’ ಎಂದರೆ ‘ಎಷ್ಟು?’ ‘ವಿಶಾಲ ಅನುಭವ’ ಎಂದರೆ ‘ಎಷ್ಟು?’ ಮೊದಲ ವರ್ಷ ಅವರ ಕೋಣೆಯಿಂದ ಹೊರಬಂದು ನಾನು ಅತ್ತಿದ್ದೇನೆ. ಎರಡನೆಯ ವರ್ಷದಿಂದ ನಾನೂ ಬೇರೆಯವರ ಕರಡಿನಲ್ಲಿ ‘ಎಷ್ಟು?’ ಎಂದು ಬರೆಯತೊಡಗಿದೆ. ಅವರಿಗೆ ನಮ್ಮ ಸೀಮೆಯ ಬಗ್ಗೆ ಗೊತ್ತಿದ್ದದ್ದು ಒಂದೇ, ಮುಧೋಳದ ನಾಯಿ. ಮುಧೋಳ ನಮ್ಮ ಊರಿನ ಹತ್ತಿರ ಎಂದು ನಾನು ಬಾಯಿತಪ್ಪಿ ಹೇಳಿದ ವಾರವೇ, ಕಾವಲು ನಾಯಿಗಳ ಸಂಶೋಧನೆ ಕುರಿತ ಸಮಿತಿಗೆ ನನ್ನ ಹೆಸರು ಸೇರಿತು. ಚಿಕ್ಕಂದಿನಲ್ಲಿ ರಬಕವಿಯ ಸಂತೆಯಲ್ಲಿ ಕಚ್ಚಿಸಿಕೊಂಡ ಮೇಲೆ ನಾಯಿ ಎಂದರೆ ನಾನು ಬಾಗಿಲು ಹಾಕಿಕೊಳ್ಳುವವಳು. ಸಭೆಗೆ ಒಂದು ನಾಯಿಯನ್ನೂ ಕರೆತಂದಿದ್ದರು. ನಾನು ಇಡೀ ಸಭೆ ಕಾಲು ಮೇಲೆತ್ತಿ ಕೂತು, ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ. ‘ಮೌನವಾಗಿ ಆಲೋಚಿಸುವ ಸದಸ್ಯೆ’ ಎಂದು ಅಧ್ಯಕ್ಷರು ಹೊಗಳಿದರು.

ಈಗ ಮುಖ್ಯ ವಿಷಯ.

ಹಿಮದ ಬೆಟ್ಟಗಳ ಮೇಲಿನ ಠಾಣೆಗಳಿಗೆ ಹೆಲಿಕಾಪ್ಟರಿನ ಕೆಳಗೆ ಸಾಮಾನು ತೂಗುಹಾಕಿ ಒಯ್ಯುತ್ತಾರೆ. ಸೀಮೆಎಣ್ಣೆ, ಅಕ್ಕಿ, ಔಷಧ. ತೂಗುಹಾಕಲು ಅಂಗೈಯಗಲದ ನೈಲಾನ್ ಪಟ್ಟಿ. ಅಂಥ ಪಟ್ಟಿಗಳು ಅಲ್ಲಲ್ಲಿ ಹರಿಯತೊಡಗಿದವು. ಒಂದು ಠಾಣೆಯಲ್ಲಿ ಸೀಮೆಎಣ್ಣೆಯ ಡಬ್ಬಿಗಳು ನೆಲ ಮುಟ್ಟುವ ಮೊದಲೇ ಕಳಚಿ ಬಿದ್ದವು. ಕೆಳಗೆ ಕೊಂಡಿ ಬಿಚ್ಚಲು ನಿಂತಿದ್ದ ಸೈನಿಕನ ಕಾಲು ಜಜ್ಜಿತು. ವರದಿಯಲ್ಲಿ ಅದು ಅರ್ಧ ಸಾಲು: ‘ಒಬ್ಬನಿಗೆ ಗಾಯ.’ ಪಟ್ಟಿ ಯಾಕೆ ಹರಿಯುತ್ತಿದೆ, ಅದಕ್ಕೆ ಯಾವ ಸಂಶೋಧನೆ ಬೇಕು ಎಂದು ಯೋಜನೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಮಾಡಿದ ಮೊದಲ ಕೆಲಸ ಒಂದು ನಮೂನೆ ತಯಾರಿಸಿದ್ದು. ಪಟ್ಟಿ ಹರಿದಾಗ ಭಾರ ಎಷ್ಟಿತ್ತು, ಎಷ್ಟು ತಿಂಗಳು ಬಳಸಿದ್ದು, ಚಳಿ ಎಷ್ಟಿತ್ತು. ಎಲ್ಲದಕ್ಕೂ ಚೌಕ ಹಾಕಿ, ಅಂಕಿ ತುಂಬಿಸಿದರೆ ಸಾಕು ಎನ್ನುವಂತೆ ಮಾಡಿದ್ದೆ. ‘ಎಷ್ಟು?’ ಎಂದು ಕೇಳುವುದರಲ್ಲಿ ನಾನೀಗ ಪಳಗಿದವಳು. ಠಾಣೆಗಳಿಂದ ನಮೂನೆಗಳು ತುಂಬಿ ಬಂದವು. ಅಂಕಿಗಳನ್ನು ಸಾಲಾಗಿ ಜೋಡಿಸಿದೆ. ಅಷ್ಟು ಅಂದವಾದ ಕೋಷ್ಟಕವನ್ನು ನಮ್ಮ ವಿಭಾಗ ಅದುವರೆಗೆ ಕಂಡಿರಲಿಲ್ಲ. ಸಮಿತಿಯಲ್ಲಿದ್ದ ನೂಲಿನ ಪ್ರೊಫೆಸರರು ಅದನ್ನು ನೋಡಿ, ಈ ನೈಲಾನಿಗೆ ಶಕ್ತಿ ಸಾಲದು, ಹೊಸ ನೂಲನ್ನೇ ಕಂಡುಹಿಡಿಯಬೇಕು ಎಂದರು. ಮೂರು ಪ್ರಯೋಗಾಲಯ, ಐದು ವರ್ಷ. ನಾನು ಯೋಜನೆ ಬರೆದೆ. ಮೆಹ್ತಾ ಸಾಹೇಬರು ಅದರಲ್ಲಿ ಎರಡೇ ಕಡೆ ‘ಎಷ್ಟು?’ ಎಂದು ಬರೆದರು. ನನ್ನ ಮಟ್ಟಿಗೆ ಅದು ಪದಕ. ಮೇಲಿನ ಸಮಿತಿಯ ಮುಂದೆ ಅದು ಬರಲು ಆರು ವಾರ ಇತ್ತು.

ಅಷ್ಟರಲ್ಲಿ ಜಮಖಂಡಿಯಲ್ಲಿ ಅವ್ವನ ಕಣ್ಣಿನ ಆಪರೇಷನ್ ಆಯಿತೆಂದು ಹತ್ತು ದಿನದ ರಜೆ ಹಾಕಿ ಊರಿಗೆ ಬಂದೆ. ನನ್ನ ಸೂಟ್‌ಕೇಸಿನ ಚಿಲಕ ಮುರಿದಿತ್ತು. ಪರೀಕ್ಷೆಗೆಂದು ತರಿಸಿದ ಪಟ್ಟಿಯಲ್ಲಿ ಮಿಕ್ಕ ತುಂಡುಗಳನ್ನು ಉಗ್ರಾಣದವರು ಕಡತ ಕಟ್ಟಲು ಹಂಚುತ್ತಿದ್ದರು. ಅಂಥದ್ದೊಂದನ್ನು ಬಿಗಿದು ತಂದಿದ್ದೆ. ಪಟ್ಟಿ ಗುಟ್ಟಿನದಲ್ಲ, ಪೇಟೆಯಲ್ಲೂ ಅಂಥದ್ದು ಸಿಗುತ್ತದೆ. ಅದು ಎಲ್ಲಿ, ಏನು ಹೊತ್ತು ಹರಿಯಿತು ಎಂಬುದು ಗುಟ್ಟು. ರೈಲಿನಲ್ಲಿ ಎರಡು ದಿನ ಅದು ಸೀಟಿನ ಕೆಳಗಿನ ಕಬ್ಬಿಣಕ್ಕೆ ತಿಕ್ಕುತ್ತ ಬಂದಿತ್ತು. ಕುಡಚಿಯಲ್ಲಿ ಇಳಿದಾಗ ಒಂದು ಬದಿ ಎಳೆ ಕಿತ್ತು ಜುಂಜು ಎದ್ದಿದ್ದನ್ನು ನೋಡಿದ್ದೆ. ನೋಡಿ ಬಿಟ್ಟಿದ್ದೆ.

ನೀಲವ್ವತ್ತೆ ಅವ್ವನನ್ನು ಮಾತಾಡಿಸಲು ಬಂದವಳು, ಅವ್ವನಿಗಿಂತ ಮೊದಲು ನನ್ನ ಸೂಟ್‌ಕೇಸನ್ನು ನೋಡಿದಳು.

‘ಇದನ್ನ ಯಾರ ನೇಯ್ದಾರ ಬೇ?’

‘ಯಾವದೋ ಕಾರಖಾನಿ ಅತ್ತಿ. ಮಶೀನಿನ್ಯಾಗ ಮಾಡಿದ್ದು.’

‘ಮಶೀನ ಇದ್ರೂ ಲಾಳಿ ಬೇಕಲ್ಲ. ಇದಕ್ಕ ಲಾಳಿ ಆಡೇ ಇಲ್ಲ.’

ಅವಳು ಪಟ್ಟಿಯನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ‘ಈ ಬಾಜು ಅಂಚ ಐತಿ. ಅಡ್ಡ ಹೊಕ್ಕಿನ ನೂಲು ಹೋಗಿ ತಿರಗಿ ಬಂದೈತಿ, ಛಲೋ ಆತು. ಆ ಬಾಜು ನೋಡ. ಅಲ್ಲಿ ನೂಲು ತಿರಗಿಲ್ಲ. ಸ್ವೆಟರ ಹೆಣದಂಗ ಒಂದಕ್ಕೊಂದ ಕುಣಿಕಿ ಹಾಕಿ ನಿಂದ್ರಿಸ್ಯಾರ. ಒಂದ ಕುಣಿಕಿ ಹರೀತಂದ್ರ ಮುಗೀತು.’

‘ಏನ ಮುಗೀತು?’

ಅವಳು ಜುಂಜು ಎದ್ದಿದ್ದ ಕಡೆಯಿಂದ ಒಂದು ಎಳೆ ಹುಡುಕಿ ತೆಗೆದು, ಮೆಲ್ಲಗೆ ಎಳೆದಳು. ಸರ್ರನೆ ಆ ಬದಿಯ ಅಂಚು ಗೇಣುದ್ದ ಬಾಯಿ ಬಿಟ್ಟಿತು. ಯಾವ ಶಕ್ತಿಯೂ ಬೇಕಾಗಲಿಲ್ಲ. ಎಪ್ಪತ್ತರ ಹತ್ತಿರದ ಮುದುಕಿಯ ಎರಡು ಬೆರಳು ಸಾಕಾದವು.

‘ನೂಲು ಗಟ್ಟಿ ಐತಿ ಮತ್ತ’ ಎಂದು ಅವಳು ಆ ಎಳೆಯನ್ನು ಹಲ್ಲಿಗೆ ಸಿಕ್ಕಿಸಿ ಎಳೆದು ನೋಡಿದಳು. ‘ಇಂಥಾ ಗಟ್ಟಿ ನೂಲಿಗೆ ಇಂಥಾ ಅಂಚು ಹಾಕ್ಯಾರಲ್ಲ. ಇಷ್ಟ ಸಾಲಿ ಕಲ್ತಿ, ದಿಲ್ಲ್ಯಾಗ ಕುಂತಿ, ಒಂದ ಅಂಚು ನೋಡಾಕ ಬರಲಿಲ್ಲೇನ ನಿನಗ?’

ಪ್ರೊಫೆಸರರ ಹೊಸ ನೂಲು, ಮೂರು ಪ್ರಯೋಗಾಲಯ, ನನ್ನ ಕೋಷ್ಟಕ ಇವೆಲ್ಲ ಆಮೇಲೆ ನೆನಪಾದವು. ಮೊದಲು ನೆನಪಾದದ್ದು ಆ ಅರ್ಧ ಸಾಲು. ಅಂಥವೇ ಪಟ್ಟಿಗಳು ಆ ದಿನವೂ ಬೆಟ್ಟದ ಮೇಲೆ ತೂಗಾಡುತ್ತಿದ್ದವು, ಅವುಗಳ ಕೆಳಗೆ ಆ ದಿನವೂ ಯಾರೋ ನಿಂತಿದ್ದರು. ಚಳಿಗಾಲ ಹತ್ತಿರ ಬಂದಿದ್ದರಿಂದ ಸಾಗಾಟ ಜೋರಾಗಿತ್ತು.

ಆಗ ಊರಿನಿಂದ ದಿಲ್ಲಿಗೆ ಮಾತಾಡಬೇಕೆಂದರೆ ಎಸ್‌ಟಿಡಿ ಬೂತೊಂದೇ ದಾರಿ. ಬಸ್ ನಿಲ್ದಾಣದ ಹತ್ತಿರದ ಬೂತಿಗೆ ಓಡಿದೆ. ಅದರ ಗಾಜಿನ ಬಾಗಿಲು ಹಾಕಿದರೆ ಒಳಗೆ ಉಸಿರು ಕಟ್ಟುತ್ತಿತ್ತು, ಆದ್ದರಿಂದ ಯಾವಾಗಲೂ ತೆರೆದೇ ಇರುತ್ತಿತ್ತು. ಹೊರಗೆ ಏಳೆಂಟು ಮಂದಿ ಸರದಿಯಲ್ಲಿ ನಿಂತಿದ್ದರು. ಅವರಲ್ಲಿ ಒಬ್ಬ ನೂಲಿನ ವ್ಯಾಪಾರಿ, ಹಿಂದಿ ನನಗಿಂತ ಚೆನ್ನಾಗಿ ಬಲ್ಲವರು. ಗುಟ್ಟಿನ ವಿಷಯವನ್ನು ಇವರೆಲ್ಲರ ಮುಂದೆ ಹೇಗೆ ಹೇಳುವುದು? ಸಂಖ್ಯೆ ಒತ್ತುವಷ್ಟರಲ್ಲಿ ನನಗೆ ಹೊಳೆದದ್ದು ಒಂದೇ ಉಪಾಯ.

‘ಸರ್, ನಾನು ಶಕುಂತಲಾ. ಊರಿನಿಂದ.’

‘ತಾಯಿ ಹೇಗಿದ್ದಾರೆ?’ ಮೆಹ್ತಾ ಸಾಹೇಬರು ಕೇಳಿದರು.

‘ಚೆನ್ನಾಗಿದ್ದಾರೆ ಸರ್. ಒಂದು ಸೀರೆಯ ವಿಷಯ ಹೇಳಬೇಕಿತ್ತು.’

‘ಏನು?’

‘ಸೀರೆ ಸರ್. ನೂಲು ಕೆಟ್ಟಿಲ್ಲ. ಅಂಚು ಕೆಟ್ಟದ್ದು. ಒಂದು ಬದಿ ಸ್ವಲ್ಪ ತಿಕ್ಕಿದರೆ ಇಡೀ ಸೀರೆ ಬಿಚ್ಚುತ್ತದೆ.’

‘ಮೇಡಂ, ನೀವು ಯಾರ ಜೊತೆ ಮಾತಾಡುತ್ತಿದ್ದೀರಿ, ಗೊತ್ತಿದೆಯೇ?’

‘ಗೊತ್ತು ಸರ್. ಹೊಸ ನೂಲು ತರಬೇಕು ಅಂತ ನಾನು ಬರೆದು ಕೊಟ್ಟೆನಲ್ಲ, ನೀವು ಎರಡು ಕಡೆ ಎಷ್ಟು ಅಂತ ಕೇಳಿದಿರಲ್ಲ, ಆ ಸೀರೆ.’

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ಅವರ ದನಿ ತಗ್ಗಿತು. ‘ಆ ಸೀರೆಯನ್ನು ಈಗ ಯಾರು ಉಟ್ಟಿದ್ದಾರೆ?’

‘ಉತ್ತರದ ಕಡೆಯ ಮನೆಯವರೆಲ್ಲ ಉಟ್ಟಿದ್ದಾರೆ ಸರ್. ದಿನಾ ಉಡುತ್ತಿದ್ದಾರೆ.’

‘ಖಾತ್ರಿಯೇ?’

‘ನನ್ನ ಕಣ್ಣೆದುರು ಬಿಚ್ಚಿತು ಸರ್. ಎರಡು ಬೆರಳಿನಿಂದ.’

‘ಅಂಚು ಸವೆದದ್ದನ್ನೆಲ್ಲ ಇವತ್ತೇ ತೆಗೆದಿಡಲು ಹೇಳುತ್ತೇನೆ. ನೀವು ಆ ಸೀರೆ ತೆಗೆದುಕೊಂಡು ಬನ್ನಿ.’

ಕಾಗದವಿಲ್ಲದೆ ಪೆನ್ನೂ ಎತ್ತದ ಮನುಷ್ಯ ಅವರು. ಕಡತವಿಲ್ಲದೆ, ಟಿಪ್ಪಣಿ ಇಲ್ಲದೆ, ಕಿರಿಯ ಅಧಿಕಾರಿಯೊಬ್ಬಳ ಸೀರೆಯ ಮಾತಿನ ಮೇಲೆ, ಅವರು ಆ ಮಧ್ಯಾಹ್ನವೇ ಸೈನ್ಯದವರಿಗೆ ಫೋನ್ ಮಾಡಿದರು. ಮೇಲಧಿಕಾರಿ ಒಳ್ಳೆಯವರೋ ಕೆಟ್ಟವರೋ ಎಂದು ಹುಡುಗರು ಕೇಳುತ್ತಾರೆ. ನನಗೆ ಅದು ಆ ದಿನ ಗೊತ್ತಾಯಿತು.

ಬೂತಿನಿಂದ ಹೊರಬಂದರೆ ನೂಲಿನ ವ್ಯಾಪಾರಿ ಕಳಕಳಿಯಿಂದ ಕಾದಿದ್ದರು. ‘ಅಕ್ಕಾರ, ಉಟ್ಟ ಸೀರಿ ಅಂಗಡ್ಯಾವ್ರು ವಾಪಸ್ ತಗೋಳಂಗಿಲ್ರಿ. ಯಾವ ಅಂಗಡಿ ಅನ್ನೂದ ಹೇಳ್ರಿ, ನಾ ಮಾತಾಡತೇನಿ.’ ಸಂಜೆಯೊಳಗೆ ಸುದ್ದಿ ಬನಹಟ್ಟಿ, ಪಕ್ಕದ ರಬಕವಿ ಎರಡೂ ಊರು ಸುತ್ತಿತು. ಬನಹಟ್ಟಿಯ ಸೀರೆ ಅಂಚಿನಿಂದ ಬಿಚ್ಚುತ್ತದೆ ಎಂದು ನಾನೇ ದಿಲ್ಲಿಗೆ ದೂರು ಕೊಟ್ಟೆನಂತೆ. ನೇಕಾರರ ಹಿರಿಯರಿಬ್ಬರು ಮನೆಗೆ ಬಂದು, ‘ನಮ್ಮವರ ಮಗಳಾಗಿ ಹಿಂಗ ಮಾಡಬಾರದಿತ್ತವಾ’ ಎಂದು ಚಹಾ ಕುಡಿಯದೆ ಎದ್ದು ಹೋದರು. ನಾನು ಏನೆಂದು ವಿವರಿಸಲಿ?

ದಿಲ್ಲಿಗೆ ಮರಳಿದವಳೇ ಠಾಣೆಗಳಿಂದ ಬಂದಿದ್ದ ಹಳೆಯ ನಮೂನೆಗಳನ್ನು ತೆಗೆಸಿ ಮತ್ತೆ ಓದಿದೆ. ಚೌಕಗಳನ್ನಲ್ಲ, ಚೌಕದ ಹೊರಗಿನ ಜಾಗವನ್ನು. ನಾಲ್ಕು ನಮೂನೆಗಳಲ್ಲಿ, ಅಂಚಿನ ಖಾಲಿ ಜಾಗದಲ್ಲಿ, ಕೈಬರಹದ ಹಿಂದಿಯಲ್ಲಿ ಒಂದೇ ಅರ್ಥದ ಮಾತು ಇತ್ತು: ‘ಪಟ್ಟಿ ಅಂಚಿನಿಂದ ಬಿಚ್ಚಿಕೊಳ್ಳುತ್ತದೆ.’ ಒಬ್ಬ ಹವಾಲ್ದಾರ ಪುಟ್ಟ ಚಿತ್ರವನ್ನೇ ಬರೆದು ಬಾಣದ ಗುರುತು ಹಾಕಿದ್ದ. ಚಳಿಯಲ್ಲಿ ಮರಗಟ್ಟಿದ ಬೆರಳಿನಿಂದ, ಯಾರೂ ಕೇಳದಿದ್ದರೂ, ಅವನು ಹೇಳಿದ್ದ. ಅದಕ್ಕೆ ಕೋಷ್ಟಕದಲ್ಲಿ ಕಾಲಮ್ಮು ಇರಲಿಲ್ಲವೆಂದು ನಾನು ಬಿಟ್ಟಿದ್ದೆ. ಎಷ್ಟು ಭಾರಕ್ಕೆ ಹರಿಯಿತು ಎಂದು ಕೇಳಿದ್ದೆ. ಎಲ್ಲಿಂದ ಹರಿಯಿತು ಎಂದು ಕೇಳಿರಲಿಲ್ಲ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು, ಅದನ್ನು ಮಾಡುವಾಗ ನನ್ನನ್ನು ಎಲ್ಲರೂ ಹೊಗಳಿದ್ದರು.

ನಮೂನೆಗಳನ್ನು ಮೆಹ್ತಾ ಸಾಹೇಬರ ಮೇಜಿನ ಮೇಲಿಟ್ಟು, ‘ತಪ್ಪು ನನ್ನದು ಸರ್’ ಎಂದೆ. ಅವರು ಹವಾಲ್ದಾರನ ಚಿತ್ರವನ್ನು ಬಹಳ ಹೊತ್ತು ನೋಡಿದರು. ‘ನನ್ನ ಸಹಿಯೂ ಇದೆಯಲ್ಲ’ ಎಂದಷ್ಟೇ ಹೇಳಿ, ಮುಂದಿನ ಮಾತಿಗೆ ಬಂದರು. ಅದೇ ನೂಲಿನಲ್ಲಿ ಲಾಳಿಯಿಂದ ನೇಯ್ದ ಪಟ್ಟಿ ಸಿಕ್ಕರೆ ಎರಡನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಬಹುದಿತ್ತು. ಆದರೆ ಕಾರಖಾನೆಯಿಂದ ತರಿಸಲು ಟೆಂಡರು ಕರೆಯಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ‘ಯಾರಾದರೂ ತಾವಾಗಿಯೇ ಮಾದರಿ ಕಳಿಸಿದರೆ ಬೇಡವೆನ್ನಲು ನಿಯಮವಿಲ್ಲ’ ಎಂದರು.

ನಾನು ಪ್ರಯೋಗಾಲಯದಿಂದ ಅದೇ ನೈಲಾನ್ ನೂಲಿನ ಉಂಡೆ ಪಡೆದು ಅಂಚೆಯಲ್ಲಿ ಕಳಿಸಿ ಅತ್ತೆಗೆ ಪತ್ರ ಬರೆದೆ. ಇಷ್ಟಗಲ, ಇಷ್ಟುದ್ದ, ಎರಡು ಪಟ್ಟಿ. ಯಾತಕ್ಕೆ ಎಂದು ಬರೆಯಲಿಲ್ಲ, ಬರೆಯುವಂತಿರಲಿಲ್ಲ. ಸರಕಾರದ ಕೆಲಸ ಎಂದಷ್ಟೇ ಬರೆದೆ. ಹನ್ನೆರಡನೆಯ ದಿನ ಪಾರ್ಸಲ್ ಬಂತು. ಬಂತು ಎಂಬುದು ನನಗೆ ಗೊತ್ತಾದದ್ದು, ನಮ್ಮ ಕಟ್ಟಡದ ಅಂಚೆ ವಿಭಾಗವನ್ನು ಖಾಲಿ ಮಾಡಿಸಿದಾಗ.

ಆದದ್ದು ಇಷ್ಟು. ನೈಲಾನ್ ಜಾರುತ್ತದೆಂದು ಅತ್ತೆ ಹತ್ತಿಯ ನೂಲಿಗೆ ಹಾಕುವಂತೆ ದಂಡಿಯಾಗಿ ಗಂಜಿ ಹಾಕಿದ್ದಳು. ದಾರಿಯಲ್ಲಿ ಅದು ಒಣಗಿ ಉದುರಿ, ಪಾರ್ಸಲಿನ ಮೂಲೆಯಿಂದ ಬಿಳಿ ಪುಡಿ ಸೋರುತ್ತಿತ್ತು. ಕಳಿಸಿದವರ ಹೆಸರು ನೀಲವ್ವ, ಊರು ಯಾರೂ ಕೇಳದ್ದು, ಬಂದದ್ದು ರಕ್ಷಣಾ ಕಚೇರಿಗೆ. ಭದ್ರತಾ ಅಧಿಕಾರಿ ಪುಡಿಯ ಸುತ್ತ ಹಗ್ಗ ಕಟ್ಟಿಸಿ, ತಜ್ಞರಿಗೆ ಹೇಳಿ ಕಳಿಸಿದ್ದರು. ನಾನು ಹೋಗಿ, ‘ಗಂಜಿ ಅದು, ತಿನ್ನುವ ಗಂಜಿ’ ಎಂದರೆ ನಂಬಲಿಲ್ಲ. ಕೊನೆಗೆ ಹಗ್ಗ ದಾಟಿ, ಒಂದು ಚಿಟಿಕೆ ಎತ್ತಿ ಬಾಯಿಗೆ ಹಾಕಿಕೊಂಡೆ. ನಾನು ಸಾಯುತ್ತೇನೋ ಎಂದು ಅವರೆಲ್ಲ ಸ್ವಲ್ಪ ಹೊತ್ತು ಕಾದರು. ಸಾಯದಿದ್ದ ಮೇಲೆ, ‘ವಸ್ತುವನ್ನು ಅಧಿಕಾರಿಯೊಬ್ಬರು ಸೇವಿಸಿ ಪರಿಶೀಲಿಸಿದ್ದಾರೆ’ ಎಂದು ಬರೆದು ನನ್ನ ಸಹಿ ತೆಗೆದುಕೊಂಡರು. ಆ ಕಾಗದ ಇನ್ನೂ ಯಾವುದೋ ಕಪಾಟಿನಲ್ಲಿ ಇರಬೇಕು.

ಪರೀಕ್ಷೆ ಸಮಿತಿಯವರ ಮುಂದೆಯೇ ನಡೆಯಿತು. ಅತ್ತೆಯ ಮೊದಲನೆಯ ಪಟ್ಟಿಯನ್ನು ಯಂತ್ರಕ್ಕೆ ಕಚ್ಚಿಸಿ ಎಳೆದರು. ಕಾರಖಾನೆಯ ಪಟ್ಟಿಗಿಂತ ಎಷ್ಟೋ ಬೇಗ, ನಡುವೆ ಒಂದು ಕಡೆ ಸಡಿಲವಾಗಿದ್ದಲ್ಲಿ ಹರಿಯಿತು. ಪ್ರೊಫೆಸರರು ನಕ್ಕರು. ನಾನು ತಲೆ ತಗ್ಗಿಸಿ, ‘ಜಾರುವ ನೂಲು, ಹತ್ತಿಯ ಮಗ್ಗ’ ಎಂದು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ. ಆಮೇಲೆ ಎರಡನೆಯ ಪಟ್ಟಿಯ ಅಂಚನ್ನೂ ಕಾರಖಾನೆಯ ಪಟ್ಟಿಯ ಹೆಣೆದ ಅಂಚನ್ನೂ ಒಂದೇ ಸಮನೆ ಅರದಿಂದ ತಿಕ್ಕಿ, ಎರಡನ್ನೂ ಎಳೆದರು. ಕಾರಖಾನೆಯದು ಅಂಚಿನಿಂದ ಸರಸರ ಬಿಚ್ಚುತ್ತ ಹೋಗಿ, ಮೊದಲಿನ ಅರ್ಧ ಭಾರವನ್ನೂ ತಡೆಯದೆ ಹೋಯಿತು. ಅತ್ತೆಯದು ತಿಕ್ಕಿದ ಜಾಗದಲ್ಲಿ ಜುಂಜು ಎದ್ದು, ಅಲ್ಲಿಗೇ ನಿಂತು, ಹಿಡಿದುಕೊಂಡಿತು. ಪ್ರೊಫೆಸರರು ಎದ್ದು ಬಂದು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರು. ಮತ್ತೆ ನಗಲಿಲ್ಲ. ‘ಇದನ್ನು ಕಂಡುಹಿಡಿದವರು ಯಾರು?’ ಎಂದು ಕೇಳಿದರು.

‘ನಮ್ಮ ಅತ್ತೆ’ ಎಂದೆ.

ಸಭೆಯ ನಡಾವಳಿಯಲ್ಲಿ ‘ಅತ್ತೆ’ ಎಂದು ಬರೆಯುವುದು ಹೇಗೆ? ನಾನು ‘ಅಪಾರ ಅನುಭವದ ಕ್ಷೇತ್ರ ತಜ್ಞೆ’ ಎಂದು ಬರೆದೆ. ಕರಡು ಸಾಹೇಬರ ಕೋಣೆಯಿಂದ ವಾಪಸು ಬಂತು. ‘ಅಪಾರ’ ಹೊಡೆದುಹಾಕಿ, ಪಕ್ಕದಲ್ಲಿ ‘ಎಷ್ಟು?’ ಎಂದಿತ್ತು. ‘ನಲವತ್ತೆಂಟು ವರ್ಷ’ ಎಂದು ತಿದ್ದಿ ಕಳಿಸಿದೆ. ಅದು ಹಾಗೇ ಉಳಿಯಿತು.

ನಾನು ಬರೆದ ಯೋಜನೆಯನ್ನು ನಾನೇ ಹಿಂತೆಗೆದುಕೊಳ್ಳಬೇಕಾಯಿತು. ಸಮಸ್ಯೆಯೆಂದರೆ, ಯೋಜನೆ ಮಂಡಿಸಲು ನಮೂನೆ ಇತ್ತು, ವಿಸ್ತರಿಸಲು ನಮೂನೆ ಇತ್ತು, ಹಿಂತೆಗೆಯಲು ಇರಲಿಲ್ಲ. ಯಾರೂ ಅಲ್ಲಿಯವರೆಗೆ ಹಿಂತೆಗೆದಿರಲಿಲ್ಲ. ಮೇಲಿನ ಸಮಿತಿಯ ಮುಂದೆ ನಿಂತು, ಹವಾಲ್ದಾರನ ಚಿತ್ರ ತೋರಿಸಿ, ನಾನು ಏನನ್ನು ಕೇಳಲು ಮರೆತಿದ್ದೆ ಎಂದು ಹೇಳಿದೆ. ಪ್ರೊಫೆಸರರದೂ ಪೂರ್ತಿ ತಪ್ಪಾಗಿರಲಿಲ್ಲ. ಎತ್ತರದ ಬಿಸಿಲು ನೈಲಾನನ್ನು ನಿಜವಾಗಿಯೂ ತಿನ್ನುತ್ತದೆ. ಆದ್ದರಿಂದ ನೂಲಿನ ಸಂಶೋಧನೆ ಒಂದೇ ಪ್ರಯೋಗಾಲಯದಲ್ಲಿ ಸಣ್ಣದಾಗಿ ಮುಂದುವರಿಯಿತು. ಎರಡೂ ಬದಿ ಭದ್ರವಾದ ಅಂಚು ಇರಬೇಕು, ಅಂಚು ಸವೆದ ಪಟ್ಟಿಯನ್ನು ಕೂಡಲೇ ಬಿಡಬೇಕು ಎಂಬ ನಿಯಮ ಮೊದಲು ಜಾರಿಗೆ ಬಂತು. ಆ ಚಳಿಗಾಲದಲ್ಲಿ ಪಟ್ಟಿ ಹರಿದ ಸುದ್ದಿ ನಮ್ಮ ಮೇಜಿಗೆ ಬರಲಿಲ್ಲ. ಬಾರದ ಸುದ್ದಿಗೆ ಯಾರೂ ಪದಕ ಕೊಡುವುದಿಲ್ಲ, ನಮ್ಮ ಕೆಲಸದ ಒಳ್ಳೆಯ ದಿನಗಳೆಲ್ಲ ಇಂಥವೇ.

ಆಮೇಲೆ ಕೆಲಸದ ರೀತಿ ಬಹಳ ಬದಲಾಯಿತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಕೋಷ್ಟಕಗಳಿಗೆ ಬಣ್ಣ ಬಂತು, ಬಣ್ಣದ ಮೇಲೆ ಬಾಣಗಳು ಬಂದವು. ಇಪ್ಪತ್ತು ವರ್ಷದ ನಂತರ ಯಾವ ತಂತ್ರಜ್ಞಾನ ಎಲ್ಲಿರುತ್ತದೆ ಎಂದು ಹೋಟೆಲಿನ ಸಭಾಂಗಣದಲ್ಲಿ ಕುಳಿತು, ಗೋಡೆಗೆ ಹಳದಿ ಚೀಟಿ ಅಂಟಿಸುವ ಕಾಲವೂ ಬಂತು. ನಾನೂ ಅಂಟಿಸಿದ್ದೇನೆ. ಮಧ್ಯಾಹ್ನದ ಊಟದ ನಂತರ ಫ್ಯಾನಿನ ಗಾಳಿಗೆ ಭವಿಷ್ಯ ಕೆಳಗೆ ಉದುರಿದಾಗ ಹೆಕ್ಕಿ ಮತ್ತೆ ಅಂಟಿಸಿದ್ದೇನೆ, ಎಲ್ಲಿದ್ದದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ. ಇದನ್ನೆಲ್ಲ ಬೀಳಗಿಯ ಆ ಹುಡುಗಿ ನನಗಿಂತ ಚೆನ್ನಾಗಿ ಕಲಿಯುತ್ತಾಳೆ. ನಾನು ಸೇರಿಸಿದ್ದು ಒಂದೇ. ನನ್ನ ಕೈಯಿಂದ ಹೋದ ಪ್ರತಿ ನಮೂನೆಯ ಕೊನೆಗೆ ಅರ್ಧ ಪುಟ ಖಾಲಿ ಬಿಟ್ಟು, ‘ನಾವು ಕೇಳದೇ ಇದ್ದದ್ದು ಏನಾದರೂ ಇದ್ದರೆ’ ಎಂದು ಬರೆಸುತ್ತಿದ್ದೆ. ಹೆಚ್ಚಿನವರು ಅಲ್ಲಿ ರಜೆ ಸಿಗಲಿಲ್ಲವೆಂದು ಬರೆಯುತ್ತಿದ್ದರು. ಕೆಲವರು ಬೇರೆ ಬರೆಯುತ್ತಿದ್ದರು. ಅವನ್ನು ನಾನೇ ಓದುತ್ತಿದ್ದೆ.

ನಿವೃತ್ತಳಾಗಿ ಊರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ನೀಲವ್ವತ್ತೆಯ ಮನೆಗೆ ಹೋದೆ. ಅವಳಿಗೆ ತೊಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ಆ ಪಟ್ಟಿಗಳು ಬಳಕೆಯಿಂದ ಹೋಗಿ ಎಷ್ಟೋ ವರ್ಷವಾಗಿತ್ತು, ಹೇಳಲು ಇನ್ನು ಅಡ್ಡಿಯಿರಲಿಲ್ಲ.

‘ಅತ್ತಿ, ನೀ ಆಗ ಬಿಳೀ ಪಟ್ಟಿ ನೇಯ್ದ ಕಳಿಸಿದ್ದೆಲ್ಲ, ಅದು ಯಾತಕ್ಕ ಗೊತ್ತೇನ?’

‘ನನಗೇನ ಗೊತ್ತ. ಮಿಲಿಟರಿ ಕುದರಿಗೆ ಕಟ್ಟೂದ ಇರಬೇಕ ಅನಕೊಂಡೆ.’

ನಾನು ಎಲ್ಲ ಹೇಳಿದೆ. ಹಿಮದ ಬೆಟ್ಟ, ಹೆಲಿಕಾಪ್ಟರ್, ಸೀಮೆಎಣ್ಣೆ, ಅಕ್ಕಿ. ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

‘ಸಾಮಾನ ಇಳಸೂವಾಗ ಕೆಳಗ ಯಾರರೆ ನಿಂತಿರತಾರೇನ?’

‘ನಿಂತಿರತಾರ. ಕೊಂಡಿ ಬಿಚ್ಚಾಕ ಒಬ್ಬಾಂವ ನಿಂದ್ರಾಕಬೇಕು.’

ಅವಳ ಕೈ ಮಡಿಲಲ್ಲಿ ಏನನ್ನೋ ಹುಡುಕುವಂತೆ ಆಡಿತು. ‘ಅದನ್ನ ಅವತ್ತ ಯಾಕ ಬರೀಲಿಲ್ಲ?’

‘ಬರಿಯಾಂಗ ಇರಲಿಲ್ಲ ಅತ್ತಿ. ಗುಟ್ಟಿನ ಕೆಲಸ.’

‘ಏನ ಗುಟ್ಟು ಬೇ ಅದು!’ ಅವಳ ದನಿ ಏರಿತು. ‘ಮದಲನೇ ಪಟ್ಟಿ ನಡಕ ಸಡಲ ಬಿದ್ದಿತ್ತು. ನನಗ ಕೈಗೇ ಗೊತ್ತಾಗಿತ್ತು. ಹೆಂಗೂ ಸರಕಾರದ ಕೆಲಸ, ನಡೀತೈತಿ ಅಂತ ಹಂಗ ಸುತ್ತಿ ಕಳಿಸಿದೆ. ಕೆಳಗ ಮನಶ್ಯಾ ನಿಂತಿರತಾನ ಅಂತ ಒಂದ ಸಾಲ ಬರದಿದ್ರ ಪೂರಾ ಬಿಚ್ಚಿ ತಿರಗಿ ನೇಯ್ತಿದ್ದೆ.’

ಅದು ಬರೀ ಪರೀಕ್ಷೆಯ ಪಟ್ಟಿ, ಯಂತ್ರಕ್ಕೆ ಕಚ್ಚಿಸಿ ಎಳೆದದ್ದು, ಅದರ ಕೆಳಗೆ ಯಾರೂ ನಿಂತಿರಲಿಲ್ಲ ಎಂದು ಎಷ್ಟೋ ಸಲ ಹೇಳಿದೆ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಕೂತಳು. ಆ ದಿನ ಸಂಜೆಯವರೆಗೂ ನನ್ನ ಜೊತೆ ಮಾತಾಡಲಿಲ್ಲ.